ನಮ್ಮ ಕಿವಿಗೆ ನಾವೇ ಹೊಂದಿಸಿಕೊಳ್ಳುವ ವೈರ್‌ಲೆಸ್ ಸ್ಪೀಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಸಿಕ್ಕಾಗ, ಫೋನಿನಲ್ಲಿ, ಪತ್ರದಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನೇ ತಲೆಬರಹವಾಗಿ ಉಳಿಸಿದ್ದೇನೆ. ಲೆಕ್ಕ ತಿಳಿಯಲು ಸುಲಭವಾಗಲಿ ಎಂದು ಉದ್ದಕ್ಕೂ ಒಂದೇ ಸ್ಪೀಕರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಕೆಳಗಿನ ಸ್ವರಕ್ಕೆ 4 ಇಂಚಿನ ವೂಫರ್, ಮೇಲಿನ ಸ್ವರಕ್ಕೆ 1 ಇಂಚಿನ ಟ್ವೀಟರ್, ಎಡಿಎಯು1701 ಚಿಪ್ ಇರುವ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್, ಅಂದರೆ ಧ್ವನಿಯನ್ನು ಅಂಕಿಗಳಲ್ಲಿ ತಿದ್ದುವ ಚಿಪ್) ಬೋರ್ಡ್, ಬ್ಲೂಟೂತ್ ಮಾಡ್ಯೂಲ್, ಎರಡು ಚಾನೆಲ್ಲಿನ ಕ್ಲಾಸ್-ಡಿ ಆಂಪ್ಲಿಫೈಯರ್ ಮತ್ತು ಬ್ಯಾಟರಿ. ಎಲ್ಲವೂ ಒಂದೇ ಡಬ್ಬಿಯಲ್ಲಿ.

## ಶುರು ಮಾಡುವವರಿಗೆ

ಅಂಗಡ್ಯಾಗ ಎರಡು ಸಾವಿರಕ್ಕ ಚಲೋ ಬ್ಲೂಟೂತ್ ಸ್ಪೀಕರ್ ಸಿಗ್ತಾವು. ಇಷ್ಟೆಲ್ಲ ಯಾಕ ಒದ್ದಾಡಬೇಕ್ರಿ?

ದುಡ್ಡು ಉಳಿಸುವುದೇ ಉದ್ದೇಶವಾಗಿದ್ದರೆ ಬೇಡ. ಕೈಯಾರೆ ಕಟ್ಟಿದ್ದು ಅಗ್ಗವಾಗುವುದಿಲ್ಲ. ಆದರೆ ಅಂಗಡಿಯ ಸ್ಪೀಕರ್ ಹೇಗೆ ಹಾಡಬೇಕು ಎನ್ನುವುದನ್ನು ಬೇರೆ ಯಾರೋ ಆಗಲೇ ತೀರ್ಮಾನಿಸಿರುತ್ತಾರೆ. ಚಿಕ್ಕ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ 100 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಎನ್ನುವ ಅಳತೆ) ಆಸುಪಾಸಿನ ಬೇಸ್ ಉಬ್ಬಿಸಿರುತ್ತಾರೆ. ಸಿನಿಮಾ ಹಾಡಿಗೆ ಅದು ಖುಷಿ ಕೊಡುತ್ತದೆ. ಅದರಲ್ಲೇ ಕುಮಾರ ಗಂಧರ್ವರ ಒಂದು ಭಜನೆ ಹಾಕಿ ನೋಡಿ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಆ ಗಾಯಕರ ದನಿಯ ಸಣ್ಣ ಸಣ್ಣ ತಿರುವುಗಳು ಡಗ್ಗಾದ ಗುಂಯ್ ಅನ್ನುವ ಸದ್ದಿನಲ್ಲಿ ಮುಚ್ಚಿ ಹೋಗುತ್ತವೆ.

ಡಿಎಸ್‌ಪಿ ನಿಮ್ಮ ಕೈಯಲ್ಲಿದ್ದರೆ ಆ ಉಬ್ಬನ್ನು ಎಷ್ಟು ಬೇಕೋ ಅಷ್ಟೇ ಇಳಿಸಬಹುದು. ಮನೆ ಬದಲಾದರೆ ಮತ್ತೆ ತಿದ್ದಬಹುದು. ಬ್ಯಾಟರಿ ಸತ್ತರೆ ನಾಲ್ಕು ಸ್ಕ್ರೂ ಬಿಚ್ಚಿ ಹೊಸದು ಹಾಕಬಹುದು. ನನ್ನ ಮಟ್ಟಿಗೆ ಇಷ್ಟು ಕಾರಣ ಸಾಕು.

ಡಿಎಸ್‌ಪಿ ಅಂದ್ರೆ ಏನು? ಫೋನಿನಲ್ಲಿರೋ ಈಕ್ವಲೈಜರೇ ಅಲ್ವಾ?

ಈಕ್ವಲೈಜರ್ ಅದರ ಒಂದು ಭಾಗ ಮಾತ್ರ. ಒಳಗೆ ಬಂದ ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಮಾಡುತ್ತಾರೆ. ಆ ಒಂದೊಂದು ಅಂಕಿಯ ಮೇಲೂ ಗುಣಿಸುವ, ಕೂಡಿಸುವ ಕೆಲಸ ನಡೆಯುತ್ತದೆ. ಎಡಿಎಯು1701 ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ 1024 ಸೂಚನೆಗಳನ್ನು ಮಾಡಿ ಮುಗಿಸುತ್ತದೆ.

ಫೋನಿನ ಈಕ್ವಲೈಜರ್‌ಗೆ ಮುಂದೆ ಯಾವ ಸ್ಪೀಕರ್ ಇದೆ ಅನ್ನುವುದು ಗೊತ್ತಿಲ್ಲ. ಡಬ್ಬಿಯೊಳಗಿನ ಡಿಎಸ್‌ಪಿಗೆ ಗೊತ್ತು, ಯಾಕೆಂದರೆ ನೀವೇ ಹೇಳಿಕೊಟ್ಟಿರುತ್ತೀರಿ. ವೂಫರ್‌ಗೆ ಕೆಳಗಿನ ಸ್ವರ, ಟ್ವೀಟರ್‌ಗೆ ಮೇಲಿನ ಸ್ವರ ಹಂಚುವುದು, ಒಂದನ್ನು ಸ್ವಲ್ಪ ತಡ ಮಾಡಿ ಇನ್ನೊಂದರ ಜೊತೆ ಸೇರಿಸುವುದು, ಶಬ್ದ ಮಿತಿ ಮೀರಿದಾಗ ತಡೆಯುವುದು, ಎಲ್ಲವೂ ಅದರ ಕೆಲಸ.

ಐಟಿಐ ಓದಿದ್ದೇನೆ. ಪ್ರೋಗ್ರಾಮಿಂಗ್ ಬರಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಈ ಚಿಪ್‌ಗೆ ಅನಲಾಗ್ ಡಿವೈಸಸ್ ಕಂಪನಿ ಕೊಡುವ ಸಿಗ್ಮಾಸ್ಟುಡಿಯೋ ಎಂಬ ಸಾಫ್ಟ್‌ವೇರ್ ಉಚಿತ. ವಿಂಡೋಸ್ ಕಂಪ್ಯೂಟರ್ ಬೇಕು. ಪರದೆ ಮೇಲೆ ಚೌಕಗಳನ್ನು ಎಳೆದು ತಂದು ಗೆರೆಯಿಂದ ಜೋಡಿಸುತ್ತೀರಿ: ಇನ್‌ಪುಟ್, ಫಿಲ್ಟರ್, ವಾಲ್ಯೂಮ್, ಔಟ್‌ಪುಟ್. ಹಾಡು ಓಡುತ್ತಿರುವಾಗಲೇ ಅಂಕಿ ಬದಲಿಸಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಅಚ್ಚುಕಟ್ಟಾಗಿ ಬೆಸುಗೆ ಹಾಕುವುದು, ಮಲ್ಟಿಮೀಟರ್ ಹಿಡಿಯುವುದು ಬಂದರೆ ಅರ್ಧ ಕೆಲಸ ಮುಗಿದಂತೆ. ಅದು ನಿಮಗೆ ಐಟಿಐಯಲ್ಲೇ ಬಂದಿರುತ್ತದೆ.

ಒಟ್ಟು ಖರ್ಚು ಎಷ್ಟು? ಎಲ್ಲಿ ಉಳಿಸಬಹುದು?

ಐದರಿಂದ ಎಂಟು ಸಾವಿರ ರೂಪಾಯಿ ಇಟ್ಟುಕೊಳ್ಳಿ. ವೂಫರ್, ಟ್ವೀಟರ್, ಬ್ಯಾಟರಿ, ಈ ಮೂರರಲ್ಲಿ ಕಂಜೂಸಿ ಬೇಡ. ಬ್ಲೂಟೂತ್ ಮಾಡ್ಯೂಲ್ ಸಾದಾ ಇದ್ದರೂ ನಡೆಯುತ್ತದೆ. ಡಬ್ಬಿಯ ಪ್ಲೈವುಡ್ ಬಡಿಗೇರರ ಹತ್ತಿರ ಉಳಿದ ತುಂಡಿನಲ್ಲೇ ಆಗುತ್ತದೆ.

ಪೆಟ್ಟಿಗೆ ಮೇಲೆ 1000 ವ್ಯಾಟ್ ಅಂತ ಬರೆದಿರ್ತಾರೆ. ನಮ್ಮದು ಎಷ್ಟು ವ್ಯಾಟ್ ಬರುತ್ತೆ?

ಪೆಟ್ಟಿಗೆ ಮೇಲಿನದನ್ನು ಬಿಡಿ, ಹಿಂದಿನ ಅಡಾಪ್ಟರ್ ಓದಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಅದಕ್ಕಿಂತ ಜಾಸ್ತಿ ಹೊರಗೆ ನಿರಂತರವಾಗಿ ಬರಲು ಸಾಧ್ಯವೇ ಇಲ್ಲ.

ನಮ್ಮ ಲೆಕ್ಕ ಸುಲಭ. ಬ್ಯಾಟರಿಯ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 12 ವೋಲ್ಟ್, 8 ಓಮ್ ಆದರೆ 144 ಭಾಗಿಸು 16, ಅಂದರೆ 9 ವ್ಯಾಟ್. 4 ಓಮ್ ಆದರೆ 18 ವ್ಯಾಟ್. ನಿಜದಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ. ಟಿಪಿಎ3116 ಆಂಪ್ಲಿಫೈಯರ್ ಚಿಪ್ಪಿನ ಬೋರ್ಡನ್ನು 50 ವ್ಯಾಟ್ ಎಂದು ಮಾರುತ್ತಾರಲ್ಲ, ಅದು 21 ವೋಲ್ಟ್ ಕೊಟ್ಟು 4 ಓಮ್ ಜೋಡಿಸಿದಾಗಿನ ಮಾತು.

ವ್ಯಾಟ್ ಎರಡರಷ್ಟಾದರೆ ಶಬ್ದ ಏರುವುದು 3 ಡಿಬಿ (ಡೆಸಿಬಲ್, ಶಬ್ದದ ಅಳತೆ) ಮಾತ್ರ. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು 10 ಡಿಬಿ, ಅಂದರೆ ಹತ್ತರಷ್ಟು ವ್ಯಾಟ್ ಬೇಕು. ಅದಕ್ಕೇ ಹೇಳುವುದು, 15 ವ್ಯಾಟ್ ಇದೆಯೋ 18 ಇದೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಗಲ್ಲಿಯಲ್ಲಿ ಗಣಪತಿ ಕೂರಿಸ್ತೀವಿ. ಮಂಟಪಕ್ಕೆ ಇದು ಸಾಕಾಗುತ್ತಾ?

ಇಲ್ಲ. 1 ವ್ಯಾಟಿಗೆ 1 ಮೀಟರ್ ದೂರದಲ್ಲಿ 86 ಡಿಬಿ ಕೊಡುವ ವೂಫರ್ 15 ವ್ಯಾಟಿಗೆ ಸುಮಾರು 98 ಡಿಬಿ ಕೊಡುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡಿಬಿ ಇಳಿಯುತ್ತದೆ, 8 ಮೀಟರ್‌ಗೆ 80 ಡಿಬಿ ಉಳಿಯುತ್ತದೆ. ಜನರ ಗದ್ದಲದಲ್ಲಿ ಅದು ಕೇಳುವುದೇ ಇಲ್ಲ. ಈ ಸ್ಪೀಕರ್ ಮನೆಗೆ, ಅಂಗಡಿಗೆ, ಹೊಲದ ಮನೆಗೆ. ಮಂಟಪಕ್ಕೆ ದೊಡ್ಡ ಸೆಟ್ ಬಾಡಿಗೆಗೆ ತನ್ನಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದೂ ನೆನಪಿರಲಿ.

## ಡಬ್ಬಿ, ಬಟ್ಟೆ, ಬ್ಯಾಟರಿ

ಡಬ್ಬಿ ಎಷ್ಟು ದೊಡ್ಡದಿರಬೇಕು? ಅಂದಾಜಿಗೆ ಮಾಡಿದರೆ ನಡೆಯಲ್ವಾ?

ನಡೆಯುವುದಿಲ್ಲ. ಇಡೀ ಕೆಲಸದಲ್ಲಿ ನಾನು ಹಟ ಹಿಡಿಯುವ ಜಾಗ ಇದೇ. ಡಬ್ಬಿ ತಪ್ಪಿದರೆ ಮುಂದೆ ಡಿಎಸ್‌ಪಿಯಲ್ಲಿ ಎಷ್ಟು ತಿದ್ದಿದರೂ ತೇಪೆ ಹಾಕಿದಂತೆಯೇ.

ಒಳ್ಳೆ ವೂಫರ್ ಜೊತೆ ಬರುವ ಹಾಳೆಯಲ್ಲಿ ಮೂರು ಅಂಕಿ ನೋಡಿ: ಎಫ್‌ಎಸ್ (ವೂಫರ್ ತಾನಾಗಿ ಕಂಪಿಸುವ ಸ್ವರ), ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ನಿಲ್ಲುತ್ತದೆ ಎನ್ನುವ ಅಂಕಿ), ವಿಎಎಸ್ (ವೂಫರ್‌ನ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ). ಇವಕ್ಕೆ ಥೀಲ್-ಸ್ಮಾಲ್ ಅಳತೆಗಳು ಎನ್ನುತ್ತಾರೆ. ನಿಮ್ಮ ವೂಫರ್‌ನ ಎಫ್‌ಎಸ್ 70 ಹರ್ಟ್ಜ್, ಕ್ಯೂಟಿಎಸ್ 0.5, ವಿಎಎಸ್ 6 ಲೀಟರ್ ಇದೆ ಎಂದುಕೊಳ್ಳಿ. ಮುಚ್ಚಿದ ಡಬ್ಬಿಗೆ ನಮಗೆ ಬೇಕಾದ ಒಟ್ಟು ಕ್ಯೂ (ಡಬ್ಬಿಯೊಳಗೆ ಕೂತ ಮೇಲೆ ವೂಫರ್‌ನ ಅದೇ ಅಂಕಿ) 0.707. ಅದನ್ನು 0.5ರಿಂದ ಭಾಗಿಸಿದರೆ 1.414. ಅದರ ವರ್ಗ 2, ಒಂದು ಕಳೆದರೆ 1. ವಿಎಎಸ್ ಅನ್ನು ಆ 1ರಿಂದ ಭಾಗಿಸಿದರೆ ಡಬ್ಬಿಯ ಗಾತ್ರ 6 ಲೀಟರ್. ಎಫ್‌ಎಸ್ ಅನ್ನು 1.414ರಿಂದ ಗುಣಿಸಿದರೆ 99. ಅಂದರೆ 99 ಹರ್ಟ್ಜ್‌ನಿಂದ ಕೆಳಗೆ ಬೇಸ್ ತಾನಾಗಿ ಇಳಿಯುತ್ತಾ ಹೋಗುತ್ತದೆ.

ವೂಫರ್‌ನ ಹಿಂಭಾಗ, ಒಳಗಿನ ಆಧಾರದ ಪಟ್ಟಿ ಎಲ್ಲ ಸೇರಿ 1 ಲೀಟರ್ ಜಾಗ ತಿನ್ನುತ್ತವೆ ಎಂದು ಬಿಟ್ಟರೆ ಒಳ ಅಳತೆ 7 ಲೀಟರ್ ಬೇಕು: 16 ಸೆಂ.ಮೀ. ಅಗಲ, 16 ಸೆಂ.ಮೀ. ಆಳ, 27.5 ಸೆಂ.ಮೀ. ಎತ್ತರ. ಬೋರ್ಡು ಮತ್ತು ಬ್ಯಾಟರಿಗೆ ಹಿಂದೆ ಅಥವಾ ಕೆಳಗೆ ಬೇರೆಯೇ ಖಾನೆ ಮಾಡಿ.

ಪೈಪ್ ಹಾಕಿದರೆ ಬೇಸ್ ಜಾಸ್ತಿ ಬರುತ್ತೆ ಅಂತಾರೆ. ಹಾಕಲೇ?

ಬರುವುದು ನಿಜ. ಆದರೆ ಪೈಪಿನ ಉದ್ದ, ಅಗಲ ಎರಡೂ ಲೆಕ್ಕದಂತೆ ಇರಬೇಕು, ಮತ್ತು ಪೈಪ್ ಹೊಂದಿಸಿದ ಸ್ವರಕ್ಕಿಂತ ಕೆಳಗೆ ಕೋನ್‌ಗೆ (ವೂಫರ್‌ನಲ್ಲಿ ಹಿಂದೆ ಮುಂದೆ ಆಡುವ ಭಾಗ) ಗಾಳಿಯ ತಡೆ ಇರುವುದಿಲ್ಲ, ಅದು ಸುಮ್ನೆ ಒದ್ದಾಡುತ್ತದೆ. ವಿಜಯಪುರದ ಬೇಸಿಗೆ ಧೂಳು ಆ ತೂತಿನಿಂದಲೇ ಒಳಗೆ ಹೋಗಿ ಕೂರುತ್ತದೆ. ಮೊದಲ ಸಲ ಮುಚ್ಚಿದ ಡಬ್ಬಿಯನ್ನೇ ಮಾಡಿ.

ಖಾನಾಪುರದ ಸಾಗವಾನಿ ಹಲಗೆ ಇದೆ. ಅದರಲ್ಲೇ ಮಾಡ್ಸಿದ್ರೆ?

ನೋಡಲು ಚೆಂದ. ಆದರೆ ಗಟ್ಟಿ ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಜೋಡಣೆ ಬಿಟ್ಟುಕೊಂಡು ಗಾಳಿ ಸೋರುತ್ತದೆ. 12 ಮಿ.ಮೀ. ಪ್ಲೈವುಡ್ಡಿನ ಡಬ್ಬಿ ಮಾಡಿಸಿ, ಮುಂದೆ ಮಾತ್ರ ಸಾಗವಾನಿಯ ತೆಳು ಹಲಗೆ ಕೂರಿಸಿ. ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಶಬ್ದಕ್ಕೆ ಒಳ್ಳೆಯದೇ, ಆದರೆ ಬೆಳಗಾವಿ, ಖಾನಾಪುರದ ಮಳೆಗೆ ಅದರ ಅಂಚು ನೀರು ಕುಡಿದು ಊದಿಕೊಳ್ಳುತ್ತದೆ. ಅಂಚಿಗೆ ಸರಿಯಾಗಿ ಪೇಂಟ್ ಬೀಳಬೇಕು. ಅಲ್ಯೂಮಿನಿಯಂ ಮುಖಫಲಕ ಬೇಕಾದವರಿಗೆ ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಷಿನ್ ಶಾಪ್‌ಗಳಿಗೆ ಕೊರತೆಯಿಲ್ಲ. ನಕ್ಷೆ ಒಯ್ದು ಕೇಳಿ.

ಡಬ್ಬಿ ಮುಗಿದ ಮೇಲೆ ವೂಫರ್‌ನ ಕೋನ್ ಅನ್ನು ನಾಲ್ಕು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನವಾಗಿ ಮೇಲೆ ಬಂದರೆ ಡಬ್ಬಿ ಬಿಗಿಯಾಗಿದೆ. ಟಕ್ಕನೆ ಬಂದರೆ ಎಲ್ಲೋ ಸೋರುತ್ತಿದೆ, ವೈರ್ ಹೊರಬರುವ ತೂತನ್ನು ಮೊದಲು ನೋಡಿ.

ಒಳಗೆ ತುಂಬಲು ಹೊಲದ ಹತ್ತಿ ಆಗುತ್ತಾ?

ಆಗುತ್ತದೆ, ಆದರೆ ಕಾಲ ಕಳೆದಂತೆ ಕುಸಿದು ಗಂಟು ಕಟ್ಟುತ್ತದೆ. ಹುಳು, ತೇವದ ಭಯವೂ ಇದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಎಳೆ ಸಡಿಲವಾಗಿ ತುಂಬಿ.

ಮುಂದಿನ ಜಾಲರಿಗೆ ಗುಳೇದಗುಡ್ಡದ ಖಣ ಹಾಕಬೇಕು ಅಂತ ನನ್ನ ಹೆಂಡತಿ ಹೇಳ್ತಿದ್ದಾಳೆ. ಶಬ್ದ ಮುಚ್ಚಿ ಹೋಗುತ್ತಾ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹಾಕಿ, ಖಂಡಿತ ಹಾಕಿ. ಕುಪ್ಪಸಕ್ಕೆ ಬಳಸುವ ಖಣದ ನೇಯ್ಗೆ ದಟ್ಟ. ಬುಟ್ಟಾ ಇರುವ ಕಡೆ ನೂಲು ಇನ್ನೂ ಒತ್ತಾಗಿರುತ್ತದೆ. ಬಟ್ಟೆಯನ್ನು ಬಾಯಿಗೆ ಹತ್ತಿರ ಹಿಡಿದು ಊದಿ, ಆಚೆ ಬದಿಯಲ್ಲಿ ಅಂಗೈ ಇಡಿ. ಗಾಳಿ ಸಲೀಸಾಗಿ ತಾಗಿದರೆ ಬಳಸಬಹುದು. ರೇಷ್ಮೆ ಖಣಕ್ಕಿಂತ ತೆಳು ಹತ್ತಿಯದು ಮೇಲು.

ಬಟ್ಟೆಯಿಂದ ಬೇಸ್‌ಗೆ ಏನೂ ಆಗುವುದಿಲ್ಲ. ಸೊರಗುವುದು ಮೇಲಿನ ಸ್ವರ: ತಾಳದ ಝಣ್ ಅನ್ನುವ ಕೊನೆ, ತಂಬೂರಿಯ ಮಿಂಚು. ಡಿಎಸ್‌ಪಿ ಇರುವುದು ಇಂಥದ್ದಕ್ಕೇ ಅಲ್ವಾ? ಬಟ್ಟೆ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ ಅಳೆಯಿರಿ. ಎಷ್ಟು ಇಳಿದಿದೆಯೋ ಅಷ್ಟನ್ನು ಹೈ-ಶೆಲ್ಫ್ ಫಿಲ್ಟರ್‌ನಿಂದ (ಮೇಲಿನ ಸ್ವರಗಳನ್ನೆಲ್ಲ ಒಟ್ಟಿಗೆ ಏರಿಳಿಸುವಂಥದ್ದು) ಏರಿಸಿ. ಒಂದೆರಡು ಡಿಬಿ ಆದರೆ ತೊಂದರೆಯಿಲ್ಲ. ನಾಲ್ಕೈದು ಡಿಬಿ ಬೇಕಾಗುತ್ತಿದ್ದರೆ ಟ್ವೀಟರ್ ಮುಂದಿನ ಜಾಗ ಬಿಟ್ಟು ಉಳಿದ ಕಡೆ ಮಾತ್ರ ಖಣ ಹಾಕಿ.

ಬ್ಯಾಟರಿ ಯಾವುದು ಹಾಕಲಿ? ಎಷ್ಟು ಹೊತ್ತು ಬರುತ್ತೆ?

18650 ಲಿಥಿಯಂ ಸೆಲ್ ಮೂರನ್ನು ಸಾಲಾಗಿ ಜೋಡಿಸಿದರೆ ಸರಾಸರಿ 11.1 ವೋಲ್ಟ್, ಪೂರ್ತಿ ಚಾರ್ಜಿನಲ್ಲಿ 12.6. ಅಂಥ ಎರಡು ಸಾಲು ಪಕ್ಕಪಕ್ಕ, 2500 ಎಂಎಎಚ್ ಸೆಲ್ ಎಂದರೆ 55 ವ್ಯಾಟ್-ಅವರ್. ಮನೆಯ ಮಟ್ಟದ ವಾಲ್ಯೂಮ್‌ಗೆ ಎಲ್ಲ ಬೋರ್ಡೂ ಸೇರಿ 5 ವ್ಯಾಟ್ ಎಳೆದರೆ ಹತ್ತು ತಾಸು ಓಡುತ್ತದೆ. ಕರೆಂಟ್ ಹೋದ ದಿನವೂ ಚಿಂತೆಯಿಲ್ಲ.

ಸುರಕ್ಷೆಯ ಮಾತು ನೇರವಾಗಿ ಹೇಳುತ್ತೇನೆ. ಬಿಎಂಎಸ್ ಬೋರ್ಡ್ (ಸೆಲ್‌ಗಳನ್ನು ಅತಿ ಚಾರ್ಜ್, ಶಾರ್ಟ್‌ನಿಂದ ಕಾಯುವ ಬೋರ್ಡ್) ಇಲ್ಲದೆ ಲಿಥಿಯಂ ಪ್ಯಾಕ್ ಕಟ್ಟಬೇಡಿ. ಹಳೇ ಲ್ಯಾಪ್‌ಟಾಪಿನ ಸೆಲ್ಲನ್ನು ಹೊಸದರ ಜೊತೆ ಬೆರೆಸಬೇಡಿ. ಸೆಲ್ ಮೇಲೆ ನೇರವಾಗಿ ಬೆಸುಗೆ ಬೇಡ. ಇ-ಬೈಕ್ ಬ್ಯಾಟರಿ ರಿಪೇರಿ ಮಾಡುವವರ ಹತ್ತಿರ ಸ್ಪಾಟ್ ವೆಲ್ಡಿಂಗ್ ಮಷಿನ್ ಇರುತ್ತದೆ, ನಿಕಲ್ ಪಟ್ಟಿ ಹಾಕಿಸಿಕೊಳ್ಳಿ.

ಬಾಗಲಕೋಟ್ಯಾಗ ಬ್ಯಾಸಗಿಗೆ 40 ಡಿಗ್ರಿ ದಾಟತೈತಿ. ಬ್ಯಾಟರಿ ತಡಕೋತೈತೇನ್ರಿ?

ಓಡಿಸುವಾಗ ತಡೆದುಕೊಳ್ಳುತ್ತದೆ. ತೊಂದರೆ ಚಾರ್ಜ್ ಮಾಡುವಾಗ. ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಮಧ್ಯಾಹ್ನ ಪತ್ರಾಸಿನ ಕೆಳಗೆ ಡಬ್ಬಿಯ ಒಳಗೆ ಅಷ್ಟು ಬಿಸಿ ಸುಲಭವಾಗಿ ಬಂದುಬಿಡುತ್ತದೆ. ಬೆಳಗಿನ ತಂಪಿನಲ್ಲಿ ಚಾರ್ಜ್ ಮಾಡಿ. ತೂಕ ಸ್ವಲ್ಪ ಜಾಸ್ತಿಯಾದರೂ ಸರಿ ಎನ್ನುವವರು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ನಾಲ್ಕು ಹಾಕಿ. ಒಟ್ಟು 12.8 ವೋಲ್ಟ್, ಬಿಸಿಗೆ ಹೆಚ್ಚು ಬಾಳಿಕೆ. ಅದಕ್ಕೆ ಬಿಎಂಎಸ್ ಮತ್ತು ಚಾರ್ಜರ್ ಎರಡೂ ಬೇರೆಯೇ ಬೇಕು.

## ಜೋಡಿಸಿದ ಮೇಲೆ

ಹಾಡು ಹಾಕದಿದ್ದಾಗಲೂ ಕುಂಯ್ ಅನ್ನೋ ಸಣ್ಣ ಶಬ್ದ ಬರ್ತಿದೆ. ಬೋರ್ಡ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಬ್ಲೂಟೂತ್ ಮಾಡ್ಯೂಲ್ ಒಳಗಿನ ಡಿಜಿಟಲ್ ಗದ್ದಲ ಗ್ರೌಂಡ್ (ಮೈನಸ್) ವೈರಿನ ಮೂಲಕ ಆಂಪ್ಲಿಫೈಯರ್‌ಗೆ ಸೇರುತ್ತಿದೆ. ಒಂದೇ ಬ್ಯಾಟರಿಯಿಂದ ಎರಡಕ್ಕೂ ಕರೆಂಟ್ ಕೊಟ್ಟಾಗ ಹೀಗಾಗುತ್ತದೆ. ಪರೀಕ್ಷೆ ಸರಳ: ಮಾಡ್ಯೂಲನ್ನು ಮಾತ್ರ ಬೇರೆ ಪವರ್ ಬ್ಯಾಂಕಿನಿಂದ ಓಡಿಸಿ. ಶಬ್ದ ನಿಂತರೆ ಕಾರಣ ಇದೇ.

ಬಿ0505ಎಸ್ ಎಂಬ ಚಿಕ್ಕ ಐಸೊಲೇಟೆಡ್ ಕನ್ವರ್ಟರ್ ಸಿಗುತ್ತದೆ. 5 ವೋಲ್ಟ್ ತೆಗೆದುಕೊಂಡು 5 ವೋಲ್ಟನ್ನೇ ಕೊಡುತ್ತದೆ, ಆದರೆ ಎರಡೂ ಬದಿಯ ಗ್ರೌಂಡ್ ಬೇರೆ ಬೇರೆ. ಬ್ಲೂಟೂತ್ ಮಾಡ್ಯೂಲನ್ನು ಅದರಿಂದ ಓಡಿಸಿ. ಗ್ರೌಂಡ್ ಆಡಿಯೋ ವೈರಿನಲ್ಲಿ ಒಂದೇ ಕಡೆ ಸೇರಲಿ.

ಸೆಟ್ಟಿಂಗ್ ಎಲ್ಲ ಚೆನ್ನಾಗಿ ಮಾಡಿದೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮಾಯ!

ಸಿಗ್ಮಾಸ್ಟುಡಿಯೋದ ಡೌನ್‌ಲೋಡ್ ಗುಂಡಿ ಒತ್ತಿದಾಗ ಪ್ರೋಗ್ರಾಂ ಹೋಗುವುದು ಚಿಪ್ಪಿನ ರ್‍ಯಾಮ್‌ಗೆ. ಕರೆಂಟ್ ಹೋದರೆ ಅದೂ ಹೋಯಿತು. ಪ್ರೋಸೆಸರ್ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಇಇಪ್ರಾಮ್‌ಗೆ (ಕರೆಂಟ್ ಹೋದರೂ ಮರೆಯದ ಮೆಮೊರಿ ಚಿಪ್) ಬರೆಯುವ ಆಯ್ಕೆ ಒತ್ತಬೇಕು. ಬರೆದರೂ ಉಳಿಯದಿದ್ದರೆ ಬೋರ್ಡಿನ ಎರಡು ಜಂಪರ್ ನೋಡಿ. ಡಬ್ಲ್ಯುಪಿ ಎಂದಿರುವುದು ಬರೆಯದಂತೆ ತಡೆಯುತ್ತದೆ, ಬರೆಯುವಾಗ ಅದು ಗ್ರೌಂಡಿಗೆ ಸೇರಿರಬೇಕು. ಸೆಲ್ಫ್-ಬೂಟ್ ಎಂದಿರುವುದು ಆನ್ ಆದಾಗ ತಾನಾಗಿ ಓದಿಕೊಳ್ಳಲು. ಅದು 3.3 ವೋಲ್ಟಿಗೆ ಸೇರಿರಬೇಕು.

ವಾಲ್ಯೂಮ್, ಬೇಸ್, ಟ್ರೆಬಲ್‌ಗೆ ತಿರುಗಿಸೋ ಗುಬ್ಬಿ ಬೇಕು. ಕಂಪ್ಯೂಟರ್ ಮುಂದೆ ಯಾರು ಕೂರ್ತಾರೆ?

ಈ ಚಿಪ್ಪಿನಲ್ಲಿ ನಾಲ್ಕು ಪಿನ್ ಅದಕ್ಕೇ ಇವೆ: ಎಂಪಿ2, ಎಂಪಿ3, ಎಂಪಿ8, ಎಂಪಿ9. 10 ಕಿಲೋಓಮ್ ಪೊಟೆನ್ಷಿಯೋಮೀಟರ್‌ನ ಒಂದು ತುದಿ ಗ್ರೌಂಡಿಗೆ, ಇನ್ನೊಂದು 3.3 ವೋಲ್ಟಿಗೆ, ನಡುವಿನದು ಆ ಪಿನ್ನಿಗೆ. 5 ವೋಲ್ಟ್ ಕೊಡಬೇಡಿ. ಆಡಿಯೋ ಆ ಗುಬ್ಬಿಯೊಳಗೆ ಹರಿಯುವುದಿಲ್ಲ. ಹಾಗಾಗಿ ಹಳೇ ರೇಡಿಯೋದಂತೆ ಕರಕರ ಶಬ್ದ ಬರುವುದಿಲ್ಲ. ಮೂರನೇ ಗುಬ್ಬಿಯನ್ನು ಟ್ರೆಬಲ್ ಬದಲು ‘ಮಾತು ಸ್ಪಷ್ಟ’ ಎಂಬ ಒಂದೇ ಕೆಲಸಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಮನೆಯವರೆಲ್ಲ ಅದನ್ನೇ ಹೆಚ್ಚು ಬಳಸುತ್ತಾರೆ.

ಶ್ರೀಕೃಷ್ಣ ಪಾರಿಜಾತದ ಹಳೇ ಕ್ಯಾಸೆಟ್ ರೆಕಾರ್ಡಿಂಗ್ ಫೋನಿನಲ್ಲಿದೆ. ಅಜ್ಜನಿಗೆ ಹಾಡು ಕೇಳುತ್ತೆ, ಮಾತು ತಿಳಿಯಲ್ಲ. ಏನು ಮಾಡಲಿ?

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರುವುದು 2000 ಹರ್ಟ್ಜ್‌ನಿಂದ ಮೇಲೆ. ಅದು ಕೈಬಿಟ್ಟರೆ ದನಿ ಕೇಳುತ್ತದೆ, ಮಾತು ಬಿಡಿಸಿ ಬರುವುದಿಲ್ಲ. ಜೋರು ಮಾಡಿದರೆ ಹಾರ್ಮೋನಿಯಂ ಮತ್ತು ಗುಂಯ್ ಶಬ್ದವೂ ಜೋರಾಗುತ್ತದೆ, ಅಜ್ಜನಿಗೆ ಕಿರಿಕಿರಿ.

ಹೀಗೆ ಶುರು ಮಾಡಿ. 100 ಹರ್ಟ್ಜ್‌ನಿಂದ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ತೆಗೆಯಿರಿ. ರೆಕಾರ್ಡಿಂಗಿನಲ್ಲಿ ಸೇರಿಕೊಂಡ 50 ಹರ್ಟ್ಜ್ ಕರೆಂಟಿನ ಹಮ್ ಬಹುಪಾಲು ಅಲ್ಲೇ ಹೋಗುತ್ತದೆ. 250 ಹರ್ಟ್ಜ್ ಸುತ್ತ 3 ಡಿಬಿ ಇಳಿಸಿ, ದನಿಯ ಸುತ್ತಲಿನ ಮಬ್ಬು ಸರಿಯುತ್ತದೆ. 3000 ಹರ್ಟ್ಜ್ ಸುತ್ತ 4 ಡಿಬಿ ಏರಿಸಿ, ಫಿಲ್ಟರಿನ ಕ್ಯೂ (ಅದು ಎಷ್ಟು ಅಗಲಕ್ಕೆ ಹರಡುತ್ತದೆ ಎನ್ನುವ ಅಂಕಿ) 1ರ ಹತ್ತಿರ ಇರಲಿ. 9000ದಿಂದ ಮೇಲೆ ಲೋ-ಪಾಸ್ ಹಾಕಿದರೆ ಕ್ಯಾಸೆಟ್ಟಿನ ಹಿಸ್ ಕಡಿಮೆಯಾಗುತ್ತದೆ. ಕೊನೆಗೆ ಒಂದು ಹಗುರ ಕಂಪ್ರೆಸರ್. ಮೆಲ್ಲಗೆ ಆಡಿದ ಮಾತು ಮೇಲೆ ಬರುತ್ತದೆ, ಕೂಗಿ ಹಾಡಿದ್ದು ಕಿವಿಗೆ ಚುಚ್ಚುವುದಿಲ್ಲ. ಈ ಅಂಕಿಗಳೇ ಅಂತಿಮವಲ್ಲ. ಅಜ್ಜನನ್ನು ಎದುರು ಕೂರಿಸಿಕೊಂಡು, ಅವರು ತಲೆಯಾಡಿಸುವವರೆಗೆ ಅರ್ಧ ಅರ್ಧ ಡಿಬಿ ಬದಲಿಸಿ. ಆ ಸೆಟ್ಟಿಂಗನ್ನು ಒಂದು ಗುಂಡಿಗೆ ಕಟ್ಟಿಬಿಡಿ.

ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಚಿತ್ರ ಮೊದಲು, ಶಬ್ದ ಆಮೇಲೆ. ಡಿಎಸ್‌ಪಿ ತಡ ಮಾಡ್ತಿದೆಯಾ?

ಡಿಎಸ್‌ಪಿಯ ತಡ ಒಂದೆರಡು ಮಿಲಿಸೆಕೆಂಡ್, ಕಿವಿಗೆ ಗೊತ್ತಾಗುವುದಿಲ್ಲ. ತಡ ಬ್ಲೂಟೂತ್‌ನದು. ಬ್ಲೂಟೂತ್ ಹಾಡನ್ನು ಕುಗ್ಗಿಸಿ ಕಳಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಕೋಡೆಕ್‌ನಲ್ಲಿ 200 ಮಿಲಿಸೆಕೆಂಡ್ ಆಸುಪಾಸು ಸಾಮಾನ್ಯ. ಟಿವಿಗೆ ವೈರ್ ಹಾಕಿ. ಮೈಕ್ ಹಿಡಿದು ಭಜನೆ ಹಾಡುವವರಿಗೂ ಇದೇ ಮಾತು.

## ಇನ್ನೂ ಒಳಗೆ ಇಳಿಯುವವರಿಗೆ

ವೂಫರ್, ಟ್ವೀಟರ್ ನಡುವೆ ಎಲ್ಲಿ ಕತ್ತರಿಸಬೇಕು? ಯಾವ ಫಿಲ್ಟರ್?

4 ಇಂಚು ಮತ್ತು 1 ಇಂಚಿನ ಜೋಡಿಗೆ 2500 ಹರ್ಟ್ಜ್‌ನಿಂದ ಶುರು ಮಾಡಿ. ಟ್ವೀಟರ್‌ನ ಎಫ್‌ಎಸ್‌ನ ಎರಡರಷ್ಟಕ್ಕಿಂತ ಕೆಳಗೆ ಇಳಿಯಬೇಡಿ. ಫಿಲ್ಟರ್ ಲಿಂಕ್‌ವಿಟ್ಜ್-ರೈಲಿ, ಆಕ್ಟೇವ್‌ಗೆ (ಹರ್ಟ್ಜ್ ಎರಡರಷ್ಟು ಅಥವಾ ಅರ್ಧ ಆದಾಗಲೆಲ್ಲ) 24 ಡಿಬಿ. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಇದನ್ನು ಪ್ರಕಟಿಸಿದರು. ಕತ್ತರಿಸುವ ಜಾಗದಲ್ಲಿ ಎರಡೂ 6 ಡಿಬಿ ಇಳಿದಿರುತ್ತವೆ, ಕೂಡಿದಾಗ ಸಮನಾಗುತ್ತದೆ. ಕೆಪಾಸಿಟರ್, ಕಾಯಿಲ್‌ನಿಂದ ಇದನ್ನು ಮಾಡುವುದು ದುಬಾರಿ, ಡಿಎಸ್‌ಪಿಯಲ್ಲಿ ಒಂದು ಚೌಕ ಅಷ್ಟೆ.

ಕೂಡಬೇಕಾದರೆ ಎರಡರ ಶಬ್ದವೂ ಒಟ್ಟಿಗೆ ಹೊರಡಬೇಕು. ವೂಫರ್‌ನ ಶಬ್ದ ಹುಟ್ಟುವ ಜಾಗ ಟ್ವೀಟರ್‌ಗಿಂತ 2 ಸೆಂ.ಮೀ. ಹಿಂದಿದ್ದರೆ ಟ್ವೀಟರನ್ನು ಅಷ್ಟೇ ತಡ ಮಾಡಿ. ಸೆಕೆಂಡಿಗೆ 48,000 ಸ್ಯಾಂಪಲ್ (ಅಳತೆ) ಇರುವಾಗ ಒಂದು ಸ್ಯಾಂಪಲ್ಲಿನ ಹೊತ್ತಿಗೆ ಶಬ್ದ ಓಡುವುದು 7 ಮಿ.ಮೀ. ದೂರ. ಹಾಗಾಗಿ 3 ಸ್ಯಾಂಪಲ್. ಸರಿಯಾಯಿತೋ ಇಲ್ಲವೋ ನೋಡಲು ಟ್ವೀಟರ್‌ನ ಎರಡು ವೈರ್ ಅದಲು ಬದಲು ಮಾಡಿ ಅಳೆಯಿರಿ. ಅಳತೆಯ ಗೆರೆಯಲ್ಲಿ 2500ರ ಹತ್ತಿರ ಆಳವಾದ ಗುಂಡಿ ಬಿದ್ದರೆ ಹೊಂದಿಕೆ ಚೆನ್ನಾಗಿದೆ. ವೈರನ್ನು ಮತ್ತೆ ಮೊದಲಿನಂತೆ ಹಾಕಿ.

ಡಿಎಸ್‌ಪಿ ಇದ್ದರೂ ಟ್ವೀಟರ್‌ಗೆ ಒಂದು ಕೆಪಾಸಿಟರ್ ಸಾಲಾಗಿ ಇರಲಿ. ಆನ್ ಮಾಡುವಾಗಿನ ಟಪ್ ಶಬ್ದ, ತಪ್ಪು ಪ್ರೋಗ್ರಾಂ, ಎರಡರಿಂದಲೂ ಕಾಯುತ್ತದೆ. 6 ಓಮ್ ಟ್ವೀಟರ್‌ಗೆ 22 ಮೈಕ್ರೋಫ್ಯಾರಡ್ ಎಂದರೆ ಸುಮಾರು 1200 ಹರ್ಟ್ಜ್, ಕ್ರಾಸ್‌ಓವರ್‌ಗೆ (ಸ್ವರ ಹಂಚುವ ಆ ಫಿಲ್ಟರಿಗೆ) ಹೆಚ್ಚು ಅಡ್ಡ ಬರುವುದಿಲ್ಲ.

ಅಳೆಯೋದು ಹೇಗೆ? ನಮ್ಮ ಮನೆಯಲ್ಲಿ ಪರಸಿ ನೆಲ, ಮಾತಾಡಿದರೆ ಗೋಡೆ ಮಾರುತ್ತರ ಕೊಡುತ್ತೆ.

ಮಾಳಿಗೆ ಮೇಲೆ ಹೋಗಿ. ಗಾಳಿ ಬಿದ್ದ ಸಂಜೆ ಸರಿಯಾದ ಹೊತ್ತು. ಸ್ಪೀಕರ್, ಮೈಕ್ ಎರಡನ್ನೂ ನೆಲದಿಂದ 1.5 ಮೀಟರ್ ಎತ್ತರದಲ್ಲಿ, 1 ಮೀಟರ್ ಅಂತರದಲ್ಲಿ ಇಡಿ. ನೆಲಕ್ಕೆ ಬಡಿದು ಬರುವ ಶಬ್ದ 2.16 ಮೀಟರ್ ಹೆಚ್ಚು ಸುತ್ತಿ ಬರಬೇಕು, 6.3 ಮಿಲಿಸೆಕೆಂಡ್ ತಡ. ಆರ್‌ಇಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅಷ್ಟರೊಳಗಿನ ಶಬ್ದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಗೆ ಮಾಡಿದಾಗ 160 ಹರ್ಟ್ಜ್‌ಗಿಂತ ಕೆಳಗಿನ ಗೆರೆಯನ್ನು ನಂಬಬೇಡಿ. ಆ ಕೆಳಗಿನ ಭಾಗವನ್ನು, ಮೈಕನ್ನು ವೂಫರ್ ಕೋನ್‌ನಿಂದ ಒಂದು ಸೆಂ.ಮೀ. ದೂರಕ್ಕೆ ಹಿಡಿದು ಬೇರೆಯಾಗಿ ಅಳೆಯಿರಿ. ಮೈಕ್ ಯುಎಸ್‌ಬಿಯದಾಗಿರಲಿ, ಅದರದೇ ತಪ್ಪು ತಿದ್ದುವ ಕ್ಯಾಲಿಬ್ರೇಷನ್ ಫೈಲ್ ಜೊತೆಗೆ ಬಂದಿರಲಿ.

ನಮ್ಮ ಡಬ್ಬಿಯ ಹೊರ ಅಗಲ 18.4 ಸೆಂ.ಮೀ. ಇಷ್ಟು ಅಗಲಕ್ಕೆ 600 ಹರ್ಟ್ಜ್ ಸುಮಾರಿಗೆ ಕೆಳಗಿನ ಶಬ್ದ ಹಿಂದಕ್ಕೂ ಹರಡಿ, ಮುಂದೆ ತೆಳುವಾಗತೊಡಗುತ್ತದೆ. ಬಯಲಿನಲ್ಲಿ ಇದು 6 ಡಿಬಿವರೆಗೆ ಹೋಗುತ್ತದೆ. ಗೋಡೆಗೆ ಹತ್ತಿರ ಇಡುವುದಾದರೆ 3 ಡಿಬಿ ತಿದ್ದಿದರೆ ಸಾಕು. ಆಮೇಲೆ ಒಳಗೆ ತಂದು ಕೇಳಿ. 10 ಅಡಿ ಕೋಣೆಯಲ್ಲಿ ಎದುರು ಬದುರು ಗೋಡೆಯ ನಡುವೆ 56 ಹರ್ಟ್ಜ್ ಸುತ್ತ ಶಬ್ದ ನಿಂತು ಉಬ್ಬುತ್ತದೆ. ನೆಲಕ್ಕೆ ಕೌದಿ ಹಾಸಿದರೆ ಮೇಲಿನ ಸ್ವರದ ಮಾರ್ದನಿ ಇಳಿಯುತ್ತದೆ, ಆದರೆ ಈ ಉಬ್ಬಿಗೆ ಕೌದಿಯಿಂದ ಏನೂ ಆಗುವುದಿಲ್ಲ. ಸ್ಪೀಕರ್ ಜಾಗ ಬದಲಿಸಿ, ಉಳಿದದ್ದನ್ನು ಫಿಲ್ಟರಿನಿಂದ ಇಳಿಸಿ. ಗೆರೆಯಲ್ಲಿ ಗುಂಡಿ ಕಂಡ ಕಡೆಯೆಲ್ಲ ಏರಿಸಲು ಹೋಗಬೇಡಿ. ಉಬ್ಬು ಇಳಿಸುವುದು ಕ್ಷೇಮ, ಗುಂಡಿ ತುಂಬುವುದು ಅಲ್ಲ.

ಡಿಎಸ್‌ಪಿ ಇದೆಯಲ್ಲ, 50 ಹರ್ಟ್ಜ್ 12 ಡಿಬಿ ಏರಿಸಿದರೆ ಸಬ್‌ವೂಫರ್ ತರ ಆಗಲ್ವಾ?

12 ಡಿಬಿ ಎಂದರೆ 16 ಪಟ್ಟು ವ್ಯಾಟ್. 1 ವ್ಯಾಟಿನಲ್ಲಿ ಹಾಡುತ್ತಿದ್ದದ್ದು 16 ವ್ಯಾಟ್ ಕೇಳುತ್ತದೆ, ಆಂಪ್ಲಿಫೈಯರ್ ಅಲ್ಲಿಗೇ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ, ಸ್ವರ ಒಂದು ಆಕ್ಟೇವ್ ಕೆಳಗಿಳಿದಾಗ ಅಷ್ಟೇ ಶಬ್ದಕ್ಕೆ ಕೋನ್ ನಾಲ್ಕರಷ್ಟು ದೂರ ಓಡಾಡಬೇಕು. 4 ಇಂಚಿನ ಕೋನ್‌ಗೆ ಅಷ್ಟು ಜಾಗವಿಲ್ಲ. ಟಕಟಕ ಬಡಿಯುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ.

ದಾರಿ ಬೇರೆ ಇದೆ. 60 ಹರ್ಟ್ಜ್‌ನಿಂದ ಕೆಳಗೆ ಹೈ-ಪಾಸ್ ಹಾಕಿ ಕೋನ್‌ನ ವ್ಯರ್ಥ ಓಡಾಟ ನಿಲ್ಲಿಸಿ. ಮೆಲ್ಲಗೆ ಕೇಳುವಾಗ ಮಾತ್ರ 90 ಹರ್ಟ್ಜ್ ಸುತ್ತ 4 ಡಿಬಿ ಏರಲಿ, ವಾಲ್ಯೂಮ್ ಏರಿದಂತೆ ತಾನಾಗಿ ಇಳಿಯಲಿ. ಕಿವಿಯ ಸ್ವಭಾವಕ್ಕೂ ಇದು ಸರಿ: ಶಬ್ದ ಕಡಿಮೆಯಾದಂತೆ ಕಿವಿಗೆ ಬೇಸ್ ಇನ್ನೂ ಕಡಿಮೆ ಕೇಳುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಕೊನೆಗೆ ಶಬ್ದ ಮಿತಿ ಮೀರದಂತೆ ತಡೆಯುವ ಒಂದು ಲಿಮಿಟರ್ ಇರಲೇಬೇಕು.

ಇನ್ನೊಂದು ಸಮಾಧಾನದ ಮಾತು. ಕರಿ ಒಂದಕ್ಕೆ ಹಾಡುವವರ ತಂಬೂರಿಯ ಖರಜದ ತಂತಿ ಸುಮಾರು 69 ಹರ್ಟ್ಜ್. ನಮ್ಮ ಸ್ಪೀಕರ್ ಅದನ್ನು ಪೂರ್ತಿ ಕೊಡುವುದಿಲ್ಲ. ಆದರೆ ಅದರ ಎರಡರಷ್ಟು, ಮೂರರಷ್ಟಿನ ಸ್ವರಗಳು ಶುದ್ಧವಾಗಿ ಬಂದರೆ ಕೆಳಗಿನ ಸ್ವರವನ್ನು ಮಿದುಳೇ ತುಂಬಿಕೊಳ್ಳುತ್ತದೆ. ಒರಟು ಬೇಸ್‌ಗಿಂತ ಶುದ್ಧ ಮಧ್ಯ ಸ್ವರಕ್ಕೆ ನಾನು ಒತ್ತು ಕೊಡುವುದು ಇದಕ್ಕೇ.

ಗೋಲಗುಮ್ಮಟದ ಪ್ರತಿಧ್ವನಿ ಡಿಎಸ್‌ಪಿಯಲ್ಲಿ ತರೋಕೆ ಆಗುತ್ತಾ?

ಎಡಿಎಯು1701ರಲ್ಲಿ ಆಗುವುದಿಲ್ಲ, ಯಾಕೆ ಎನ್ನುವ ಲೆಕ್ಕ ಮಜವಾಗಿದೆ. 1656ರಲ್ಲಿ ಮುಗಿದ ಆ ಗುಮ್ಮಟದ ಒಳ ವ್ಯಾಸ ಸುಮಾರು 38 ಮೀಟರ್. ಶಬ್ದ ಆಚೆ ಹೋಗಿ ಈಚೆ ಬರಲು 76 ಮೀಟರ್ ಓಡಬೇಕು. ಸೆಕೆಂಡಿಗೆ 343 ಮೀಟರ್ ವೇಗದಲ್ಲಿ 0.22 ಸೆಕೆಂಡ್. ಅಷ್ಟು ಹೊತ್ತಿನ ಧ್ವನಿ ಹಿಡಿದಿಡಲು 10,600 ಅಂಕಿಗಳ ಜಾಗ ಬೇಕು. ಈ ಚಿಪ್ಪಿನಲ್ಲಿ ಇರುವುದು 2048. ಅಂದರೆ 43 ಮಿಲಿಸೆಕೆಂಡ್, 15 ಮೀಟರ್ ಕೂಡ ಆಗದ ದೂರ. ಅಣ್ಣನಂಥ ಚಿಪ್ ಎಡಿಎಯು1452ರಲ್ಲಿ 800 ಮಿಲಿಸೆಕೆಂಡ್‌ವರೆಗೆ ಜಾಗವಿದೆ. ಅದರಲ್ಲಿ ಒಂದು ಡಿಲೇ ಹಾಕಿ, ಹೊರಬಂದದ್ದನ್ನು ಸ್ವಲ್ಪ ಕುಗ್ಗಿಸಿ ಮತ್ತೆ ಒಳಗೆ ಬಿಟ್ಟರೆ ಒಂದರ ಹಿಂದೊಂದು ಮರುದನಿ ಬರುತ್ತದೆ. ಪ್ರತಿ ಸುತ್ತಿಗೂ ಮೇಲಿನ ಸ್ವರ ಸ್ವಲ್ಪ ಇಳಿಸಿದರೆ ಕಲ್ಲಿನ ಒಳಗಿಂದ ಬಂದ ಹಾಗೆ ಕೇಳುತ್ತದೆ. ಮಕ್ಕಳಿಗೆ ತೋರಿಸಲು ಒಳ್ಳೆಯದು, ದಿನಾ ಹಾಡು ಕೇಳಲು ಬೇಡ.

ಫೋನಿನಿಂದಲೇ ಫಿಲ್ಟರ್ ಬದಲಿಸಬೇಕು. ಇಎಸ್‌ಪಿ32 ಹಾಕಬಹುದಾ?

ಹಾಕಬಹುದು. ಇಎಸ್‌ಪಿ32 ಎಂದರೆ ವೈಫೈ, ಬ್ಲೂಟೂತ್ ಎರಡೂ ಇರುವ ಚಿಕ್ಕ ಕಂಟ್ರೋಲರ್ ಚಿಪ್. ಮೊದಲು ಒಂದು ಎಚ್ಚರ: ಬ್ಲೂಟೂತ್‌ನಲ್ಲಿ ಹಾಡು ಪಡೆಯಲು ಹಳೇ ಇಎಸ್‌ಪಿ32 ಬೇಕು. ಎಸ್3, ಸಿ3 ಮಾದರಿಗಳಲ್ಲಿ ಬಿಎಲ್‌ಇ (ಕಡಿಮೆ ವಿದ್ಯುತ್ತಿನ ಬ್ಲೂಟೂತ್) ಮಾತ್ರ ಇದೆ, ಹಾಡು ಬರುವುದಿಲ್ಲ. ಬರೀ ನಿಯಂತ್ರಣಕ್ಕಾದರೆ ಯಾವುದಾದರೂ ಸರಿ.

ಐ2ಸಿಯ (ಚಿಪ್ಪುಗಳು ತಮ್ಮತಮ್ಮಲ್ಲಿ ಮಾತಾಡುವ ದಾರಿ) ಎರಡು ವೈರನ್ನು ಇಎಸ್‌ಪಿ32ರಿಂದ ಡಿಎಸ್‌ಪಿಗೆ ಜೋಡಿಸಿ. ಸಿಗ್ಮಾಸ್ಟುಡಿಯೋ ಚಿಪ್ಪಿನ ವಿಳಾಸವನ್ನು ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 68 ಎಂದು ತೋರಿಸುತ್ತದೆ, ಇಎಸ್‌ಪಿ32ಗೆ ಬರೆಯುವ ಆರ್ಡುಯಿನೋ ಕೋಡಿನಲ್ಲಿ ಹೆಕ್ಸ್ 34 ಎಂದು ಹಾಕಬೇಕು. ಒಂದೇ ವಿಳಾಸವನ್ನು 8 ಬಿಟ್, 7 ಬಿಟ್‌ನಲ್ಲಿ ಬರೆದದ್ದು ಅಷ್ಟೆ. ಅಂಕಿಗಳು 5.23 ಮಾದರಿಯಲ್ಲಿ (ಬಿಂದುವಿನ ಮೊದಲು 5 ಬಿಟ್, ಆಮೇಲೆ 23 ಬಿಟ್) ಹೋಗಬೇಕು, ಅಂದರೆ 1 ಎನ್ನುವುದು 83,88,608 ಆಗುತ್ತದೆ. ಒಂದು ಬೈಕ್ವಾಡ್ ಫಿಲ್ಟರಿಗೆ (ಡಿಎಸ್‌ಪಿಯ ಮೂಲ ಫಿಲ್ಟರ್ ಚೌಕ) ಐದು ಅಂಕಿ. ಒಂದೊಂದಾಗಿ ಬರೆದರೆ ನಡುವೆ ಫಿಲ್ಟರ್ ಹದ ತಪ್ಪಿ ಫಟ್ ಎನ್ನುತ್ತದೆ. ಅದಕ್ಕೇ ಚಿಪ್ಪಿನಲ್ಲಿ ಸೇಫ್‌ಲೋಡ್ ಎಂಬ ಐದು ಜಾಗ ಇವೆ. ಐದನ್ನೂ ಅಲ್ಲಿ ಬರೆದು ಒಂದೇ ಏಟಿಗೆ ಒಳಗೆ ಬಿಡಿ. ಪುಸ್ತಕದ ಸೂತ್ರ ಬಳಸುವವರು ಆ ಐದರಲ್ಲಿ ಎ1, ಎ2 ಎಂಬ ಎರಡರ ಚಿಹ್ನೆ ತಿರುಗಿಸಬೇಕು, ಇಲ್ಲವಾದರೆ ಫಿಲ್ಟರ್ ಕಿರುಚುತ್ತದೆ. ಮೊದಲ ಪರೀಕ್ಷೆಗೆ ಟ್ವೀಟರ್ ಬಿಚ್ಚಿಡಿ.

ಚೆನ್ನಾಗಿ ಬಂತು. ನಾಲ್ಕು ಜನ ನಮಗೂ ಮಾಡಿಕೊಡು ಅಂತಿದ್ದಾರೆ. ಮಾಡಿ ಮಾರಬಹುದಾ?

ಗೆಳೆಯನ ಜೊತೆ ಕೂತು ಅವನದನ್ನು ಅವನ ಕೈಯಲ್ಲೇ ಕಟ್ಟಿಸುವುದು ಬೇರೆ, ವ್ಯಾಪಾರ ಬೇರೆ. ಬ್ಲೂಟೂತ್ ಸ್ಪೀಕರ್ ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಕಡ್ಡಾಯ ನೋಂದಣಿ ಪಟ್ಟಿಯಲ್ಲಿದೆ. 2.4 ಗಿಗಾಹರ್ಟ್ಜ್ ರೇಡಿಯೋ ಇರುವುದರಿಂದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಕೊಡುವ ಇಟಿಎ (ರೇಡಿಯೋ ಸಾಧನದ ಒಪ್ಪಿಗೆ ಪತ್ರ) ಕೂಡ ಬೇಕು. ಮಾರುವ ಆಲೋಚನೆ ಇದ್ದರೆ ಮೊದಲೇ ಇಟಿಎ ಇರುವ ಬ್ಲೂಟೂತ್ ಮಾಡ್ಯೂಲ್ ಆರಿಸಿ, ಬ್ಯಾಟರಿ ಸೆಲ್ಲಿಗೂ ಬಿಐಎಸ್ ಗುರುತು ಇದೆಯೇ ನೋಡಿ. ವೈರಿನಲ್ಲಿ ಮಾತ್ರ ಓಡುವ ಡಬ್ಬಿಗೆ ರೇಡಿಯೋದ ಒಪ್ಪಿಗೆಯ ಮಾತೇ ಬರುವುದಿಲ್ಲ.